ಊಟ ಸುಮಾರು, ಜಗಳ ಜೋರು: ಬಾಣೇರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತೋರಿಸುವ ಶೆಟ್ಟರ ಹೋಟೆಲ್

ವಿಂಗ್ಸ್ ತಿನ್ನೋಕೆ ಅಂತ ಹೋಗುವುದಾದರೆ ಈ ಹೋಟೆಲ್ ಬೇಡ. ಬಾಣೇರ್‌ನಲ್ಲೇ ಇದಕ್ಕಿಂತ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಮೆರಿಕನ್ ಫುಟ್‌ಬಾಲ್ ನೋಡಬೇಕು, ನೋಡುತ್ತಾ ಕನ್ನಡದಲ್ಲಿ ಜಗಳ ಆಡಬೇಕು, ಪಕ್ಕದ ಟೇಬಲ್‌ನವರು ಪರಿಚಯ ಇಲ್ಲದಿದ್ದರೂ ನಮ್ಮ ಮಾತಿನ ಮಧ್ಯೆ ಬಾಯಿ ಹಾಕಬೇಕು, ಅಂಥ ಜಾಗ ಬೇಕು ಅಂದರೆ ಪುಣೆಯಲ್ಲಿ ನನಗೆ ಗೊತ್ತಿರುವುದು ಇದೊಂದೇ. ಹೆಸರು ಬರೆಯುವುದಿಲ್ಲ. ಮುಂದೆ ಒಂದಷ್ಟು ದೂರು ಹೇಳುವುದಿದೆ, ಮಾಲೀಕರು ಒಳ್ಳೆ ಮನುಷ್ಯ, ಸುಮ್ನೆ ಯಾಕೆ. ಬಾಣೇರ್, ಬಾಲೇವಾಡಿ ಕಡೆ ಇರುವ ಕನ್ನಡದವರನ್ನು ಕೇಳಿ, ದಾರಿ ಹೇಳುತ್ತಾರೆ.

ಕೆಳಗಡೆ ಮಾಮೂಲಿ ಶೆಟ್ಟರ ಹೋಟೆಲ್. ಎಫ್‌ಸಿ ರಸ್ತೆಯ ವೈಶಾಲಿ ಹೋಟೆಲ್ ಕಾಲದಿಂದ ಪುಣೆಯವರಿಗೆ ಶೆಟ್ಟರು ಅಂದರೆ ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಮೇಲಿನ ಮಹಡಿಯಲ್ಲಿ ಪರ್ಮಿಟ್ ರೂಮ್, ಅಂದರೆ ಬಾರ್ ಇದೆ. ಅದರ ಪಕ್ಕದ ಹಾಲ್‌ನಲ್ಲಿ ಮೊದಲು ಬರ್ತ್‌ಡೇ ಪಾರ್ಟಿ, ಕಿಟ್ಟಿ ಪಾರ್ಟಿ ನಡೆಯುತ್ತಿತ್ತಂತೆ. ಶೆಟ್ಟರ ಅಕ್ಕನ ಮಗ ಅಮೆರಿಕದ ಮಿಲ್ವಾಕಿಯಲ್ಲಿ ಓದಿ ವಾಪಸ್ ಬಂದ ಮೇಲೆ ಆ ಹಾಲ್‌ಗೆ ಪ್ರೊಜೆಕ್ಟರ್ ಬಂತು, ಗೋಡೆ ತುಂಬ ಬಿಳಿ ಪರದೆ ಬಂತು. ಶೆಟ್ಟರು ಅವನನ್ನು ಅಳಿಯ ಅನ್ನುತ್ತಾರೆ, ಹಾಗಾಗಿ ನಾವೆಲ್ಲರೂ ಅಳಿಯ ಅನ್ನುತ್ತೇವೆ, ಹಿಂದಿಯವರೂ ಮರಾಠಿಯವರೂ ಸೇರಿ. ಅದು ಅವನ ಹೆಸರು ಅಂತಲೇ ಅವರು ತಿಳಿದಿದ್ದಾರೆ.

ಶುರುವಿನಲ್ಲಿ ಬಾಗಿಲಲ್ಲಿ ಬರೀ ಫುಟ್‌ಬಾಲ್ ಅಂತ ಬೋರ್ಡ್ ಹಾಕಿದ್ದರು. ಎಫ್‌ಸಿ ಗೋವಾ ಜೆರ್ಸಿ ಹಾಕಿಕೊಂಡು ಬಂದವರು, ಲಿವರ್‌ಪೂಲ್ ಮ್ಯಾಚ್ ನೋಡೋಕೆ ಬಂದವರು, ಎಲ್ಲರೂ ಹೆಲ್ಮೆಟ್ ಹಾಕಿದ ದೊಡ್ಡ ದೊಡ್ಡ ಆಳುಗಳು ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಿ ಬಿಲ್ ಕೇಳಿ ಎದ್ದು ಹೋಗುತ್ತಿದ್ದರು. ಈಗ ಬೋರ್ಡ್ ಮೇಲೆ ಮೊಟ್ಟೆಯಾಕಾರದ ಚೆಂಡಿನ ಚಿತ್ರ ಇದೆ.

ಇನ್ನು ಲೈವ್ ಮ್ಯಾಚ್ ವಿಷಯ. ಇಲ್ಲಿ ಒಂದು ದೊಡ್ಡ ತೊಂದರೆ ಇದೆ, ಅದಕ್ಕೆ ಹೋಟೆಲ್‌ನವರನ್ನು ಬೈಯುವಂತಿಲ್ಲ. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್, ಅದರ ಭಾನುವಾರದ ಮೊದಲ ಮ್ಯಾಚ್‌ಗಳು ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ 1 ಗಂಟೆಗೆ. ನಮಗೆ ರಾತ್ರಿ 10.30. ನವೆಂಬರ್ ಮೊದಲ ವಾರದಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹಾಕುತ್ತಾರಲ್ಲ, ಆಮೇಲೆ 11.30. ಮ್ಯಾಚ್ ಮುಗಿಯೋಕೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಪುಣೆಯಲ್ಲಿ ಬಾರ್‌ಗಳು ಒಂದೂವರೆಗೆ ಬಾಗಿಲು ಹಾಕಬೇಕು, ಪೊಲೀಸರು ಈಚೆಗೆ ಇದರಲ್ಲಿ ಬಹಳ ಬಿಗಿ. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರ್‌ನಲ್ಲಿ ಕೊನೆಯ ಹತ್ತು ನಿಮಿಷ ಹೋಗುತ್ತದೆ, ಡಿಸೆಂಬರ್‌ನಲ್ಲಿ ಮ್ಯಾಚ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಹೋಗುತ್ತದೆ. ಆಟದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರು ಪಾಯಿಂಟ್ ಅಂತರ ಇದ್ದಾಗ ವೇಟರ್ ಬಂದು ಕುರ್ಚಿ ಮಗುಚಿ ಟೇಬಲ್ ಮೇಲಿಡಲು ಶುರು ಮಾಡಿದರೆ ಹೇಗಿರುತ್ತದೆ ಹೇಳಿ. ಹೊರಗೆ ಮೆಟ್ಟಿಲ ಮೇಲೆ ಒಂದೇ ಫೋನ್‌ಗೆ ಎಂಟು ತಲೆ ಬಗ್ಗಿಸಿ ನೋಡುವವರ ಗುಂಪು ಇಲ್ಲಿ ಮಾಮೂಲಿ ದೃಶ್ಯ. ಲೈವ್ ನೋಡೋಕೆ ಮನೆಯೇ ವಾಸಿ. ಸೋಮವಾರ ಬೆಳಿಗ್ಗೆ ಆರರ ಹತ್ತಿರ ಬರುವ ಸಂಡೇ ನೈಟ್ ಮ್ಯಾಚ್ ಹಾಕಿ, ಇಡ್ಲಿ ಕೊಡಿ, ಹಿಂಜವಡಿಯ ಐಟಿ ಆಫೀಸಿಗೆ ಹೋಗುವ ಮುಂಚೆ ನೋಡಿ ಹೋಗ್ತೀವಿ ಅಂತ ಅಳಿಯನಿಗೆ ಎಷ್ಟೋ ಜನ ಹೇಳಿದ್ದಾರೆ. ಬೆಳಗಿನ ಹೊತ್ತು ಮಹಡಿಗೆ ಹುಡುಗರು ಸಿಗಲ್ಲ ಅನ್ನುತ್ತಾನೆ.

ಹಾಗಾದರೆ ಹೋಗುವುದು ಯಾಕೆ? ಭಾನುವಾರ ಸಂಜೆಯ ಹಳೇ ಮ್ಯಾಚ್‌ಗೆ.

ಸೀಸನ್‌ನಲ್ಲಿ ಸಂಜೆ ಐದಕ್ಕೆ ಒಂದು ಹಳೆಯ ಪಂದ್ಯ ಹಾಕುತ್ತಾರೆ. ಪೂರ್ತಿ ಹಾಕುತ್ತಾರೆ, ಅದು ಮುಖ್ಯ. ಇವತ್ತು ಫೋನ್‌ನಲ್ಲಿ ನೋಡುವವರೆಲ್ಲ ನೋಡುವುದು ಮುಕ್ಕಾಲು ಗಂಟೆಗೆ ಕತ್ತರಿಸಿದ ಆವೃತ್ತಿ. ಮೂರು ಗಂಟೆಯ ಮ್ಯಾಚ್‌ನಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ, ಉಳಿದದ್ದೆಲ್ಲ ನಿಲ್ಲುವುದು, ನೋಡುವುದು, ಕೂಗುವುದು, ಜಾಹೀರಾತು. ಜಾಹೀರಾತನ್ನು ಅಳಿಯನೂ ಓಡಿಸುತ್ತಾನೆ, ಬೇಡ ಅನ್ನುವವರು ಯಾರು. ಆದರೆ ಒಂದು ಎಸೆತವೋ ಓಟವೋ ಮುಗಿದು ಮುಂದಿನದು ಶುರುವಾಗುವ ನಡುವಿನ ಆ ಮೂವತ್ತು ನಲವತ್ತು ಸೆಕೆಂಡ್ ಇದೆಯಲ್ಲ, ಅದನ್ನು ಮುಟ್ಟುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ಆಟ ನಡೆಸುವ, ಚೆಂಡು ಎಸೆಯುವ ಆಟಗಾರ, ವಯಸ್ಸಾದ ಅಂಥವನೊಬ್ಬನ ಶಿಸ್ತು ಕಾಣಿಸುವುದು ಅಲ್ಲೇ. ಕತ್ತರಿಸಿದ ಆವೃತ್ತಿಯಲ್ಲಿ ಎಸೆತ ಮಾತ್ರ ಕಾಣುತ್ತದೆ, ಎಸೆಯದೆ ಬಿಟ್ಟದ್ದು ಯಾಕೆ ಅಂತ ಗೊತ್ತಾಗುವುದಿಲ್ಲ.

ನಾನು ಹೇಳಹೊರಟಿರುವ ಸಂಜೆ ಹಾಕಿದ್ದು 2021ರ ಅಕ್ಟೋಬರ್ 17ರ ಪಂದ್ಯ. ಗ್ರೀನ್ ಬೇ ಪ್ಯಾಕರ್ಸ್ ಮತ್ತು ಶಿಕಾಗೋ ಬೇರ್ಸ್, ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ. ಈ ಎರಡು ತಂಡಗಳ ಹಗೆ 1921ರಿಂದ ಇದೆ. ಗ್ರೀನ್ ಬೇ ಅಂದರೆ ಬಾಗಲಕೋಟೆಯಷ್ಟು ಜನ ಇರುವ ಊರು, ಎದುರಿಗೆ ಶಿಕಾಗೋದಂಥ ಮಹಾನಗರ, ನಡುವೆ ಪುಣೆಯಿಂದ ಬೆಳಗಾವಿಗೆ ಇರುವಷ್ಟು ದಾರಿ. ಚಿಕ್ಕ ಊರಿನ ತಂಡಕ್ಕೆ ಯಜಮಾನ ಅಂತ ಒಬ್ಬರಿಲ್ಲ, ಐದು ಲಕ್ಷಕ್ಕೂ ಹೆಚ್ಚು ಜನ ಷೇರುದಾರರಿದ್ದಾರೆ. ಷೇರಿಗೆ ಲಾಭಾಂಶವೂ ಇಲ್ಲ, ಲಾಭಕ್ಕೆ ಮಾರುವಂತೆಯೂ ಇಲ್ಲ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು ಅಷ್ಟೇ. ನಮ್ಮ ಹಾಲ್‌ನ ಖಾಯಂ ಗಿರಾಕಿ ಧಾರವಾಡದ ಕಾಕಾ ಮಿಲ್ವಾಕಿಯಲ್ಲಿ ಕೆಲಸಕ್ಕಿದ್ದಾಗ 250 ಡಾಲರ್ ಕೊಟ್ಟು ಒಂದು ಷೇರು ತಗೊಂಡಿದ್ದಾರೆ. ಕಾಕೂಗೆ ಇನ್ನೂ ಬೆಲೆ ಹೇಳಿಲ್ಲವಂತೆ.

ಎದುರು ಪಕ್ಷ ಪುತ್ತೂರಿನವರೊಬ್ಬರು. ಶಿಕಾಗೋದಲ್ಲಿ ಪ್ರಾಜೆಕ್ಟ್ ಮೇಲೆ ಇದ್ದವರು, ಅಲ್ಲಿನ ಚಳಿಯಲ್ಲಿ ಬೇರ್ಸ್ ಟೋಪಿ ಹಾಕಿಕೊಂಡವರು ಪುಣೆಯ ಮೇ ತಿಂಗಳಲ್ಲೂ ತೆಗೆದಿಲ್ಲ. ಬೇರ್ಸ್ ಅಭಿಮಾನಿ ಆಗಿರುವುದು ಸುಲಭದ ಮಾತಲ್ಲ. ಕಡೆಯ ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದಿದ್ದು 1986ರ ಜನವರಿಯಲ್ಲಿ. ಒಂದು ಸೀಸನ್‌ನಲ್ಲಿ ನಾಲ್ಕು ಸಾವಿರ ಯಾರ್ಡ್ ಎಸೆದ ಕ್ವಾರ್ಟರ್‌ಬ್ಯಾಕ್ 2024ರ ತನಕ ಆ ತಂಡಕ್ಕೆ ಒಬ್ಬನೂ ಸಿಕ್ಕಿರಲಿಲ್ಲ. ಪಕ್ಕದ ಊರಿನಲ್ಲಿ ಮಾತ್ರ ಮೊದಲು ಬ್ರೆಟ್ ಫಾರ್ವ್, ಆಮೇಲೆ ಆರನ್ ರಾಡ್ಜರ್ಸ್, ಸುಮಾರು ಮೂವತ್ತು ವರ್ಷ ಇಬ್ಬರೇ. ಹೊಟ್ಟೆ ಉರಿಯದೆ ಏನಾಗುತ್ತೆ?

ಮೊದಲ ಕ್ವಾರ್ಟರ್‌ನಲ್ಲೇ ಗಲಾಟೆ ಶುರುವಾಯಿತು. ಬೇರ್ಸ್ ಚೆನ್ನಾಗಿಯೇ ಶುರು ಮಾಡಿದರು, ಮೊದಲ ಸರದಿಯಲ್ಲೇ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರು, ಪುತ್ತೂರಿನವರು ಎದ್ದು ನಿಂತು ಎಲ್ಲರಿಗೂ ಗೋಳಿಬಜೆ ಆರ್ಡರ್ ಮಾಡಿದರು. ಆಮೇಲೆ ಬೇರ್ಸ್‌ನ ಹೊಸ ಹುಡುಗ ಜಸ್ಟಿನ್ ಫೀಲ್ಡ್ಸ್ ಒಂದು ಉದ್ದದ ಚೆಂಡು ಎಸೆದ. ಎದುರಾಳಿ ಮೊದಲೇ ಗೆರೆ ದಾಟಿದ್ದಾನೆ, ಆಫ್‌ಸೈಡ್ ಆಗಿದೆ, ದಂಡಕ್ಕೆ ರೆಫ್ರಿಯ ಫ್ಲ್ಯಾಗ್ ಬಿದ್ದೇ ಬೀಳುತ್ತದೆ, ಹಾಗಾಗಿ ಏನೇ ಆದರೂ ನಷ್ಟ ಇಲ್ಲ ಅಂತ ಅವನ ಲೆಕ್ಕ. ಫ್ಲ್ಯಾಗ್ ಬೀಳಲಿಲ್ಲ. ಪ್ಯಾಕರ್ಸ್‌ನ ಡಾರ್ನೆಲ್ ಸ್ಯಾವೇಜ್ ಗೋಲ್ ಗೆರೆಯ ಆಚೆ ಎಂಡ್ ಝೋನ್‌ನಲ್ಲಿ ಆರಾಮಾಗಿ ಚೆಂಡು ಹಿಡಿದ, ಇಂಟರ್‌ಸೆಪ್ಷನ್ ಅಂದರೆ ಇದೇ.

ಅಳಿಯ ಮ್ಯಾಚ್ ನಿಲ್ಲಿಸಿದ. ಈ ಜಾಗದ ನಿಜವಾದ ಸೇವೆ ಇದೇ ನೋಡಿ. ಹಿಂದೆ ತಿರುಗಿಸು ಅಂದರೆ ತಿರುಗಿಸುತ್ತಾನೆ, ನಿಲ್ಲಿಸು ಅಂದರೆ ನಿಲ್ಲಿಸುತ್ತಾನೆ, ಗೋಡೆಯಷ್ಟು ದೊಡ್ಡ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರೂ ಯಾರೂ ಕೂತ್ಕೊಳ್ಳಿ ಅನ್ನುವುದಿಲ್ಲ. ಪುತ್ತೂರಿನವರು ಅದನ್ನೇ ಮಾಡಿದರು.

“ಇಕೊಳ್ಳಿ, ಈ ಕಾಲು ನೋಡಿ, ಗೆರೆಯಿಂದ ಆಚೆ ಉಂಟು. ಆಫ್‌ಸೈಡೇ ಮಾರಾಯ್ರೇ! ರೆಫ್ರಿ ನೋಡದಿದ್ರೆ ಆ ಹುಡುಗ ಎಂತ ಮಾಡುದು?”

ಕಾಕಾ ಕುಂತಲ್ಲಿಂದ ಏಳಲಿಲ್ಲ. “ತಮ್ಮಾ, ಕಾಲು ಎಲ್ಲೈತಿ ಅನ್ನೂದು ಬಿಡು. ಫ್ಲ್ಯಾಗ್ ಎಲ್ಲೈತಿ ತೋರಸು. ಬಿದ್ದಿಲ್ಲಲ್ಲ? ಮತ್ತ ಯಾಕ ಒಗದ ಅಂವಾ?”

ಇಡೀ ಸಂಜೆಯ ವಾದ ಇದರ ಮೇಲೆಯೇ ಬೆಳೆಯಿತು. ಯಾಕೆ ಅಂದರೆ ಈ ಫ್ಲ್ಯಾಗ್ ಲೆಕ್ಕದ ಆಟವನ್ನು ಕಲೆ ಮಾಡಿಕೊಂಡವರೇ ಎದುರು ತಂಡದ ರಾಡ್ಜರ್ಸ್, ಆಗ ಅವರಿಗೆ 37 ವರ್ಷ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸೆಂಟರ್ ಅನ್ನುವ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುವ ಮುಂಚೆ ಕ್ವಾರ್ಟರ್‌ಬ್ಯಾಕ್ ಏನೇನೋ ಕೂಗುತ್ತಾನೆ. ಒಂದೊಂದು ಸಲ ದನಿಯನ್ನು ತಟ್ಟನೆ ಏರಿಸುತ್ತಾನೆ, ಚೆಂಡು ಈಗ ಬಂತು ಅನ್ನುವ ಹಾಗೆ. ಎದುರಾಳಿ ಮೋಸ ಹೋಗಿ ಮುನ್ನುಗ್ಗಿದರೆ ಐದು ಯಾರ್ಡ್ ದಂಡ. ಅದೇ ಕ್ಷಣಕ್ಕೆ ಚೆಂಡು ತೆಗೆದುಕೊಂಡುಬಿಟ್ಟರೆ ಆಟ ನಡೆಯುತ್ತದೆ, ಎಸೆದದ್ದು ಸಿಕ್ಕರೆ ಲಾಭ, ಎದುರಾಳಿ ಕೈಗೆ ಹೋದರೆ ದಂಡ ತಗೊಂಡು ಮತ್ತೆ ಆಡುವುದು. ಪುಕ್ಕಟೆ ಎಸೆತ. ಫೀಲ್ಡ್ಸ್ ಇದು ಪುಕ್ಕಟೆ ಅಂದುಕೊಂಡ. ರಾಡ್ಜರ್ಸ್ ಈ ಪುಕ್ಕಟೆ ಎಸೆತಗಳಲ್ಲೇ ಎಷ್ಟೋ ಟಚ್‌ಡೌನ್ ಮಾಡಿದ್ದಾರೆ. ಎದುರು ತಂಡದಲ್ಲಿ ಬದಲಾಗುವ ಆಟಗಾರ ಓಡಿ ಹೊರಗೆ ಹೋಗುವಷ್ಟರಲ್ಲಿ ಚೆಂಡು ತೆಗೆದುಕೊಂಡು, ಅವರಲ್ಲಿ 11ರ ಬದಲು 12 ಜನ ಇದ್ದಾರೆ ಅಂತ ದಂಡ ಹಾಕಿಸುವುದರಲ್ಲೂ ಅವರು ಪಳಗಿದವರು. ಇದಕ್ಕೆಲ್ಲ ತೋಳಿನ ಬಲ ಬೇಕಾಗಿಲ್ಲ, ಆ ನಲವತ್ತು ಸೆಕೆಂಡ್ ಕಣ್ಣು ಬಿಟ್ಟುಕೊಂಡು ನಿಲ್ಲುವ ತಾಳ್ಮೆ ಬೇಕು.

ಇಷ್ಟು ಮಾತಾಡುವಾಗ ತಿಂಡಿ ಬಂತು. ಗೋಳಿಬಜೆ ಬಿಸಿಬಿಸಿ, ಒಳಗೆ ಮೆತ್ತಗೆ, ಚಟ್ನಿಯಲ್ಲಿ ಶುಂಠಿ ಸರಿಯಾಗಿತ್ತು. ಘೀ ರೋಸ್ಟ್ ಮಸಾಲೆ ಹಚ್ಚಿದ ವಿಂಗ್ಸ್ ಅಂತ ಒಂದಿದೆ, ಅಳಿಯನ ಹೊಸ ಐಡಿಯಾ. ಮಸಾಲೆ ಕುಂದಾಪುರದ್ದೇ, ಬ್ಯಾಡಗಿ ಮೆಣಸಿನ ಬಣ್ಣ, ತುಪ್ಪದ ಘಮ ಎಲ್ಲ ಸರಿ, ಆದರೆ ಮೊದಲೇ ಕರಿದಿಟ್ಟ ರೆಕ್ಕೆಗೆ ಆಮೇಲೆ ಮಸಾಲೆ ಸವರಿ ತರುತ್ತಾರೆ, ಹಾಗಾಗಿ ಹೊರಗೆ ರುಚಿ, ಒಳಗೆ ಸಪ್ಪೆ. ನ್ಯಾಚೋಸ್ ತಗೊಳ್ಳಬೇಡಿ. ಮೇಲೆ ಸುರಿಯುವ ಚೀಸ್ ಐದೇ ನಿಮಿಷಕ್ಕೆ ಗಟ್ಟಿಯಾಗುತ್ತದೆ, ಕೆಳಗಿನ ಚಿಪ್ಸ್ ಮೆತ್ತಗಾಗುತ್ತವೆ. ಶೆಟ್ಟರ ಕೈ ಎಲ್ಲಿ ಪಳಗಿದೆಯೋ ಅದನ್ನೇ ತಗೊಳ್ಳಿ: ನೀರುದೋಸೆ, ಚಿಕನ್ ಸುಕ್ಕ, ಬಂಗುಡೆ ಫ್ರೈ. ಸಸ್ಯಾಹಾರಿಗಳಿಗೆ ಬನ್ಸ್ ಇದೆ, ಸಂಜೆ ಏಳರೊಳಗೆ ಖಾಲಿಯಾಗುತ್ತದೆ. ಮಿಲ್ವಾಕಿಯ ಕರಿದ ಚೀಸ್ ಅಂತ ಮೆನುವಿನಲ್ಲಿ ಬರೆದು ಪನೀರ್ ಪಕೋಡ ಕೊಡುತ್ತಾರೆ. ಪಕೋಡ ಚೆನ್ನಾಗಿದೆ, ಪಕೋಡ ಅಂತಲೇ ಬರೆಯಬಹುದಿತ್ತಲ್ವಾ.

ಮ್ಯಾಚ್‌ಗೆ ವಾಪಸ್ ಬರೋಣ. ನಾಲ್ಕನೇ ಕ್ವಾರ್ಟರ್‌ನಲ್ಲಿ ಬೇರ್ಸ್ ಮತ್ತೆ ಟಚ್‌ಡೌನ್ ಮಾಡಿ ಪ್ಯಾಕರ್ಸ್‌ನ ಮುನ್ನಡೆಯನ್ನು 17-14ಕ್ಕೆ ಇಳಿಸಿದರು. ಹಾಲ್‌ನಲ್ಲಿ ಫಲಿತಾಂಶ ಎಲ್ಲರಿಗೂ ಗೊತ್ತು, ಆದರೂ ಪುತ್ತೂರಿನವರ ಮುಖದಲ್ಲಿ ಆಸೆ ಕಾಣುತ್ತಿತ್ತು. ಆಮೇಲೆ ರಾಡ್ಜರ್ಸ್ ಅವಸರ ಇಲ್ಲದೆ ತಂಡವನ್ನು ಮುಂದೆ ತಂದರು. ಕೊನೆಗೆ ಆರು ಯಾರ್ಡ್ ದೂರ ಇದ್ದಾಗ ಎಸೆಯೋಕೆ ನೋಡಿ, ಯಾರೂ ಸಿಗದೆ, ತಾವೇ ಓಡಿ ಮೂಲೆಯಲ್ಲಿ ನುಗ್ಗಿದರು. 24-14. ಪಂದ್ಯ ಮುಗಿದ ಹಾಗೇ. ರಾಡ್ಜರ್ಸ್ ಎದ್ದು ಶಿಕಾಗೋದ ಜನರ ಕಡೆ ತಿರುಗಿ ಕೂಗಿದರು. ನಾನು ಜೀವನಪೂರ್ತಿ ನಿಮ್ಮ ಯಜಮಾನ, ಈಗಲೂ ನಾನೇ ಯಜಮಾನ ಅನ್ನುವ ಅರ್ಥದ ಮಾತು, ಮಧ್ಯೆ ಒಂದು ಕೆಟ್ಟ ಶಬ್ದ ಬೇರೆ. ಮೈಕ್‌ನಲ್ಲಿ ಎಲ್ಲ ಕೇಳಿಸಿತ್ತು. ತಲೆ ಎತ್ತಿ ನೋಡಿದಾಗ ಒಬ್ಬ ಹೆಂಗಸು ಎರಡೂ ಕೈಯ ನಡುಬೆರಳು ತೋರಿಸುತ್ತಿದ್ದರು, ಆಮೇಲೆ ಏನು ಬಾಯಿಗೆ ಬಂತೋ ನೆನಪಿಲ್ಲ ಅಂತ ಪಂದ್ಯದ ನಂತರ ರಾಡ್ಜರ್ಸೇ ಹೇಳಿದ್ದರು.

ಕಾಕಾ ಪರದೆಗೆ ಸಲಾಂ ಹೊಡೆದರು. “ನೋಡ್ರೀ, ಇಡೀ ಮ್ಯಾಚ್‌ನ್ಯಾಗ ಒಂದು ಇಂಟರ್‌ಸೆಪ್ಷನ್ ಇಲ್ಲ. ಬ್ಯಾಡಾದ ಚೆಂಡು ಒಗ್ಯಾಂಗಿಲ್ಲ ಅಂವಾ. ನಮ್ಮ ದ್ರಾವಿಡ್ ಆಫ್ ಸ್ಟಂಪ್ ಹೊರಗಿನ ಚೆಂಡು ಬಿಟ್ಟಂಗ.”

ಪುತ್ತೂರಿನವರು ಇದಕ್ಕೇ ಕಾಯುತ್ತಿದ್ದರು ಅನಿಸುತ್ತೆ. “ಎಂತ ಕಾಕಾ, ದ್ರಾವಿಡ್ ಹೆಸರು ತಗೊಳ್ತೀರಲ್ಲ! 2003ರಲ್ಲಿ ಅಡಿಲೇಡ್‌ನಲ್ಲಿ 233 ಹೊಡೆದು, ಮತ್ತೆ 72 ಹೊಡೆದು ಮ್ಯಾಚ್ ಗೆಲ್ಲಿಸಿ, ಆ ಜನರ ಎದುರು ನಾನೇ ನಿಮ್ಮ ಯಜಮಾನ ಅಂತ ಬೊಬ್ಬೆ ಹೊಡೆದ್ರಾ ಅವರು?”

ಹಾಲ್‌ನಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಕಾಕಾಗೂ ನಗು ಬಂತು. ಆದರೆ ಪುತ್ತೂರಿನವರು ಅಲ್ಲಿಗೆ ಬಿಡಲಿಲ್ಲ. ಅದೇ ಸೀಸನ್ ನವೆಂಬರ್‌ನಲ್ಲಿ ಏನಾಯಿತು ಹೇಳಿ ಅಂದರು. ಲಸಿಕೆ ಹಾಕಿಸಿದ್ದೀರಾ ಅಂತ ಆಗಸ್ಟ್‌ನಲ್ಲಿ ಪತ್ರಕರ್ತರು ಕೇಳಿದಾಗ ರಾಡ್ಜರ್ಸ್ ನೇರವಾಗಿ ಇಲ್ಲ ಅನ್ನದೆ ಅಡ್ಡ ಉತ್ತರ ಕೊಟ್ಟಿದ್ದರು. ನವೆಂಬರ್‌ನಲ್ಲಿ ಕೋವಿಡ್ ಬಂತು, ಕಾನ್ಸಸ್ ಸಿಟಿ ಮೇಲಿನ ಮ್ಯಾಚ್ ತಪ್ಪಿತು, ತಂಡ 13-7ರಲ್ಲಿ ಸೋತಿತು. ನಿಯಮ ಮುರಿದದ್ದಕ್ಕೆ ಅವರಿಗೆ 14,650 ಡಾಲರ್ ದಂಡ, ತಂಡಕ್ಕೆ 3 ಲಕ್ಷ ಡಾಲರ್. ಚೆಂಡು ಕಾಯುವವನು ತಂಡವನ್ನೂ ಕಾಯಬೇಕಲ್ಲ ಅಂತ ಅವರ ವಾದ. ಕಾಕಾ ಇದಕ್ಕೆ ಉತ್ತರ ಕೊಡಲಿಲ್ಲ, ಬಂಗುಡೆಯ ಮುಳ್ಳು ಬಿಡಿಸುತ್ತಾ ಕೂತರು.

ನನ್ನ ಮಾತು ಕೇಳಿದರೆ, ಕೂಗಿದ್ದು ನನಗೆ ದೊಡ್ಡ ವಿಷಯವೇ ಅಲ್ಲ. ನೂರು ವರ್ಷದ ಹಗೆಯಲ್ಲಿ ಅಷ್ಟೂ ಇಲ್ಲದಿದ್ದರೆ ಜನ ಯಾಕೆ ಬರುತ್ತಾರೆ? ಲಸಿಕೆ ವಿಷಯದಲ್ಲಿ ಪುತ್ತೂರಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಅವರಿಬ್ಬರೂ ಮುಟ್ಟದ ಜಾಗ ಒಂದಿದೆ. ಇಂಟರ್‌ಸೆಪ್ಷನ್ ಲೆಕ್ಕ ಒಂದನ್ನೇ ಹಿಡಿದುಕೊಂಡು ಶಿಸ್ತು ಅಳೆಯೋಕೆ ಆಗುತ್ತಾ? ಲೆಕ್ಕವೇನೋ ಬೆರಗಾಗುವಂಥದ್ದು. 2018ರಲ್ಲಿ 25 ಟಚ್‌ಡೌನ್, ಬರೀ 2 ಇಂಟರ್‌ಸೆಪ್ಷನ್, ಆ ವರ್ಷ ಸತತ 402 ಎಸೆತ ಒಂದೂ ಎದುರಾಳಿ ಕೈಗೆ ಹೋಗಿರಲಿಲ್ಲ. 2020ರಲ್ಲಿ 48ಕ್ಕೆ 5. ಅದೇ ತಂಡದಲ್ಲಿ ಅವರಿಗಿಂತ ಮುಂಚೆ ಇದ್ದ ಫಾರ್ವ್ 2005ರ ಒಂದೇ ವರ್ಷದಲ್ಲಿ 29 ಕಳೆದುಕೊಂಡಿದ್ದರು, ಆಡಿದ ವರ್ಷಗಳೆಲ್ಲ ಸೇರಿ ಒಟ್ಟು 336, ಅದು ದಾಖಲೆ. ಆದರೂ ಜನ ಫಾರ್ವ್‌ಗೆ ಜೀವ ಬಿಡುತ್ತಿದ್ದರು.

ಎಸೆಯದೆ ಚೆಂಡು ಹಿಡಿದುಕೊಂಡೇ ನಿಂತರೆ ಇಂಟರ್‌ಸೆಪ್ಷನ್ ಆಗಲ್ಲ, ನಿಜ, ಆದರೆ ಎದುರಾಳಿ ಬಂದು ಕೆಡವುತ್ತಾನೆ. ಆ ನಷ್ಟ ಬೇರೆ ಕಾಲಂನಲ್ಲಿ ಬರೆಯುತ್ತಾರೆ ಅಷ್ಟೇ. 2022ರ ಜನವರಿ 22ರಂದು ಲ್ಯಾಂಬೋ ಫೀಲ್ಡ್‌ನ ಹಿಮದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮೇಲಿನ ಪ್ಲೇಆಫ್ ನೆನಪಿದೆಯಾ? ರಾಡ್ಜರ್ಸ್ ಅವತ್ತು ಒಂದೂ ಇಂಟರ್‌ಸೆಪ್ಷನ್ ಕೊಡಲಿಲ್ಲ. ಒಂದೂ ಟಚ್‌ಡೌನ್ ಸಹ ಎಸೆಯಲಿಲ್ಲ. ಐದು ಸಲ ಕೆಳಗೆ ಬಿದ್ದರು. ಕೊನೆಯ ಸರದಿಯಲ್ಲಿ, ಎದುರಾಳಿಗಳಿಬ್ಬರು ಕಾವಲು ನಿಂತಿದ್ದರೂ, ತಮ್ಮ ತಂಡದ ದವಾಂತೆ ಆಡಮ್ಸ್ ಕಡೆಗೇ ಉದ್ದ ಎಸೆದರು, ಹತ್ತಿರದಲ್ಲಿ ಅಲೆನ್ ಲಜಾರ್ಡ್ ಖಾಲಿ ನಿಂತಿದ್ದರು. 13-10ರಲ್ಲಿ ಸೋಲು, ಅದೂ ಮನೆಯಂಗಳದಲ್ಲಿ. ಎದುರಾಳಿಯನ್ನು ನೋಡುವ ಅದೇ ಕಣ್ಣು ತನ್ನವರನ್ನು ನೋಡುವಾಗ ಒಬ್ಬನ ಮೇಲೇ ನಿಂತುಬಿಟ್ಟಿತು. ಇದನ್ನು ನಾನು ಹೇಳಿದಾಗ ಹಾಲ್‌ನಲ್ಲಿ ಎರಡೂ ಕಡೆಯವರು ಸೇರಿ ನನ್ನ ಮೇಲೆ ಬಿದ್ದರು. ಬೇರ್ಸ್ ಕಡೆಯವರಿಗೆ ಬೇರೆಯವರು ಪ್ಯಾಕರ್ಸ್‌ನ ಸೋಲಿಸಿದ ಕಥೆ ಬೇಡ, ಪ್ಯಾಕರ್ಸ್ ಕಡೆಯವರಿಗೆ ಆ ರಾತ್ರಿಯೇ ಬೇಡ. ಅವತ್ತು ಪಂಟ್, ಅಂದರೆ ಚೆಂಡು ಬಿಟ್ಟುಕೊಡುವಾಗ ದೂರಕ್ಕೆ ಒದೆಯುವುದು, ಬ್ಲಾಕ್ ಆಗದಿದ್ದರೆ ಸೋಲುತ್ತಲೇ ಇರಲಿಲ್ಲ ಅಂತ ಕಾಕಾ ಗುಡುಗಿದರು. ಅದೂ ಸರಿಯೇ, ಬ್ಲಾಕ್ ಆದ ಆ ಪಂಟ್‌ನಿಂದಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಟಚ್‌ಡೌನ್ ಬಂದಿದ್ದು.

ಶಿಸ್ತಿನ ವಿಷಯದಲ್ಲಿ ನನಗೆ ಇಷ್ಟವಾದ ಉದಾಹರಣೆ ಇನ್ನೂ ಹಳೆಯದು, ಅದರಲ್ಲಿ ಅವರು ಚೆಂಡು ಕಳೆದುಕೊಂಡಿದ್ದರು. 2011ರ ಜನವರಿ, ಇದೇ ಶಿಕಾಗೋ, ಇದೇ ಎರಡು ತಂಡ, ಗೆದ್ದವರು ಸೂಪರ್ ಬೌಲ್‌ಗೆ. ಗೋಲ್ ಗೆರೆ ಹತ್ತಿರ ರಾಡ್ಜರ್ಸ್ ಎಸೆದದ್ದು ನೇರ ಬೇರ್ಸ್‌ನ ಬ್ರಯಾನ್ ಅರ್ಲಾಕರ್ ಕೈಗೆ ಹೋಯಿತು. ಅರ್ಲಾಕರ್ ಅಂದರೆ ಬೆಟ್ಟದಂಥ ಆಳು, ಎದುರಿಗೆ ಮೈದಾನ ಖಾಲಿ. ರಾಡ್ಜರ್ಸ್ ತಲೆ ಮೇಲೆ ಕೈ ಇಟ್ಟುಕೊಂಡು ನಿಲ್ಲಲಿಲ್ಲ. ಓಡಿ ಬಂದು ಅಡ್ಡ ಬಿದ್ದು ಕೆಡವಿದರು. ಪ್ಯಾಕರ್ಸ್ 21-14ರಲ್ಲಿ ಗೆದ್ದರು. ಆ ಒಂದು ಟಚ್‌ಡೌನ್ ಹೋಗಿದ್ದರೆ ಲೆಕ್ಕ ಏನಾಗುತ್ತಿತ್ತು ನೀವೇ ನೋಡಿ. ಎರಡು ವಾರ ಬಿಟ್ಟು ಪಿಟ್ಸ್‌ಬರ್ಗ್ ಮೇಲೆ 31-25, ರಾಡ್ಜರ್ಸ್ ಗೆದ್ದ ಒಂದೇ ಸೂಪರ್ ಬೌಲ್ ಅದು. ಆ ಕೆಡವಿದ್ದನ್ನು ಹಾಕಪ್ಪಾ ಅಂದಾಗ ಅಳಿಯ ಎರಡೇ ನಿಮಿಷದಲ್ಲಿ ಹುಡುಕಿ ಹಾಕಿದ. ಪುತ್ತೂರಿನವರು ಟೋಪಿ ಮುಖಕ್ಕೆ ಮುಚ್ಚಿಕೊಂಡರು.

ಈಗ ದೂರುಗಳು. ರಿಮೋಟ್ ಅಳಿಯನ ಕೈಯಲ್ಲಿ ಇದ್ದರೆ ಮಾತ್ರ ಮೇಲೆ ಹೇಳಿದ್ದೆಲ್ಲ ನಿಜ. ಅವನು ಕೆಳಗೆ ಕೌಂಟರ್‌ಗೆ ಹೋದರೆ ಹುಡುಗನೊಬ್ಬನ ಕೈಗೆ ಕೊಟ್ಟು ಹೋಗುತ್ತಾನೆ. ಆ ಹುಡುಗನಿಗೆ ಆಟಗಾರರು ಸುಮ್ಮನೆ ನಿಂತಿದ್ದಾರೆ ಅಂತ ಕಂಡಾಗಲೆಲ್ಲ ಮುಂದಕ್ಕೆ ಓಡಿಸುವ ಚಾಳಿ. ಪಾಪ, ಅವನ ದೃಷ್ಟಿಯಲ್ಲಿ ಉಪಕಾರ ಮಾಡುತ್ತಿದ್ದಾನೆ. ನಾವು ದುಡ್ಡು ಕೊಟ್ಟು ಬಂದಿರುವುದೇ ಆ ನಿಂತಿರುವುದನ್ನು ನೋಡೋಕೆ ಅಂತ ಅವನಿಗೆ ಹೇಗೆ ಹೇಳುವುದು! ಅಳಿಯನೂ ಪ್ಯಾಕರ್ಸ್ ಕಡೆಯವನೇ, ಬಾಯಲ್ಲಿ ಮಾತ್ರ ನಾನು ಯಾರ ಕಡೆಯೂ ಅಲ್ಲ ಅನ್ನುತ್ತಾನೆ. ಫೀಲ್ಡ್ಸ್‌ನ ಇಂಟರ್‌ಸೆಪ್ಷನ್ ಅನ್ನು ಕೇಳದೆಯೂ ಮತ್ತೆ ಹಾಕಿದ. ಬೇರ್ಸ್‌ನ ಟಚ್‌ಡೌನ್ ಮತ್ತೆ ಹಾಕು ಅಂದರೆ ರಿಮೋಟ್ ಬ್ಯಾಟರಿ ವೀಕ್ ಇದೆ ಅನ್ನುತ್ತಾನೆ.

ಸೌಂಡ್ ಜಾಸ್ತಿ. ಮೂಲೆಯ ಸ್ಪೀಕರ್ ಕೆಳಗಿನ ಎರಡು ಟೇಬಲ್‌ನಲ್ಲಿ ಕೂತರೆ ಪಕ್ಕದವರ ಮಾತು ಕೇಳಲ್ಲ, ಇಲ್ಲಿ ಬರುವುದೇ ಮಾತಿಗೆ ಅಲ್ವಾ. ನಡುವಿನ ಕಂಬದ ಎಡಗಡೆ ಟೇಬಲ್ ಹಿಡಿಯಿರಿ. ವೇಟರ್‌ಗಳಿಗೆ ಆಟ ಗೊತ್ತಿಲ್ಲ, ಥರ್ಡ್ ಡೌನ್‌ನಲ್ಲಿ, ಅಂದರೆ ನಿರ್ಣಾಯಕ ಮೂರನೇ ಪ್ರಯತ್ನದಲ್ಲಿ, ಸರಿಯಾಗಿ ಪರದೆ ಮುಂದೆ ನಿಂತು ರೋಟಿ ಎಷ್ಟು ಅಂತ ಕೇಳುತ್ತಾರೆ. ಇನ್ನೊಂದು ವಿಷಯ, ಭಾನುವಾರ ಕ್ರಿಕೆಟ್‌ನಲ್ಲಿ ಭಾರತದ ಮ್ಯಾಚ್ ಇದ್ದರೆ ಹಳೇ ಮ್ಯಾಚ್ ಇರುವುದಿಲ್ಲ. ಮುಂಚೆ ತಿಳಿಸುವುದೂ ಇಲ್ಲ. ಚಿಂಚವಡದಿಂದ ಅಷ್ಟು ಟ್ರಾಫಿಕ್ ದಾಟಿ ಬಂದು ಈ ಸಂಗತಿ ಮೆಟ್ಟಿಲ ಮೇಲೆ ಗೊತ್ತಾದ ಒಬ್ಬರು ಅಲ್ಲೇ ಶೆಟ್ಟರ ಜೊತೆ ಜಗಳ ಆಡಿದ್ದನ್ನು ನೋಡಿದ್ದೇನೆ. ಅವರ ಸಿಟ್ಟು ನ್ಯಾಯವಾದದ್ದೇ. ಫೋನ್ ಮಾಡಿ ಕೇಳಿಕೊಂಡು ಹೋಗಿ.

ಟಿಕೆಟ್ ಇಲ್ಲ, ಆದರೆ ಹಾಲ್‌ನಲ್ಲಿ ಕೂರೋಕೆ ತಲೆಗೆ ಕನಿಷ್ಠ 600 ರೂಪಾಯಿ ಬಿಲ್ ಆಗಬೇಕು. ಮೂರು ಗಂಟೆ ಕೂರುವುದಕ್ಕೆ ಇದು ಜಾಸ್ತಿ ಅಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ನೆನಪಿಡಿ, ಪರ್ಮಿಟ್ ರೂಮ್ ದಾಟಿಯೇ ಹಾಲ್‌ಗೆ ಹೋಗಬೇಕು, ಮನೆಯವರಿಗೆ ಅದು ಹಿಡಿಸದೆ ಇರಬಹುದು. ನನ್ನ ಹೆಂಡತಿ ಕೆಳಗೆ ಕಾಫಿ ಕುಡಿದು ಬಾಲೇವಾಡಿ ಹೈಸ್ಟ್ರೀಟ್ ಕಡೆ ಹೋಗುತ್ತಾಳೆ, ಆಟ ಮುಗಿದ ಮೇಲೆ ಬರುತ್ತಾಳೆ. ಅವಳ ಪ್ರಕಾರ ಈ ಹೋಟೆಲ್‌ನಲ್ಲಿ ಚೆನ್ನಾಗಿರುವುದು ಆ ಕಾಫಿ ಮಾತ್ರ.

ಮುಂದಿನ ಸಲ ಯಾವುದು ಹಾಕಬೇಕು ಅಂತ ಬಿಲ್ ಕೊಡುವಾಗ ಕೇಳುತ್ತಾರೆ, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ನಾನು 2018ರ ಸೆಪ್ಟೆಂಬರ್ 9ರ ಪಂದ್ಯ ಬರೆದಿದ್ದೇನೆ. ಮೊಣಕಾಲು ಪೆಟ್ಟಾಗಿ ಗಾಡಿಯಲ್ಲಿ ಒಳಗೆ ಹೋದ ರಾಡ್ಜರ್ಸ್ ವಾಪಸ್ ಬಂದು, 20-0 ಹಿಂದಿದ್ದ ತಂಡವನ್ನು 24-23ಕ್ಕೆ ತಂದು ಇದೇ ಬೇರ್ಸ್‌ನ ಸೋಲಿಸಿದ ರಾತ್ರಿ. ಸರಿಯಾಗಿ ಕಾಲೂರಲು ಆಗದವನು ಯಾವ ಎಸೆತ ಆರಿಸುತ್ತಾನೆ, ಯಾವುದನ್ನು ಬಿಡುತ್ತಾನೆ ಅಂತ ದೊಡ್ಡ ಪರದೆಯ ಮೇಲೆ ನೋಡಬೇಕು ಅಂತ ಆಸೆ. ಪುತ್ತೂರಿನವರು 13-10ರದ್ದು ಬರೆದಿದ್ದಾರೆ, ಮೂರು ಚೀಟಿಯಲ್ಲಿ, ಬೇರೆ ಬೇರೆ ಕೈಬರಹದಲ್ಲಿ. ಕಾಕಾ ಡಬ್ಬಿಯನ್ನೇ ಎತ್ತಿ ನೋಡುತ್ತಿದ್ದರು.

ಪಾರ್ಕಿಂಗ್ ಎಂಟು ಹತ್ತು ಬೈಕಿಗೆ ಸಾಕು. ಕಾರ್ ತಂದರೆ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ, ಅಲ್ಲೂ ಸೊಸೈಟಿ ಗೇಟ್ ಮುಂದೆ ಬೇಡ, ವಾಚ್‌ಮನ್ ಟೈರ್ ಗಾಳಿ ತೆಗೆಯುತ್ತಾನೆ.